ಉ: ಸೆನೊಟಾಫ್ ಕ್ಲಿಪ್ 1919ರದ್ದಾ, 1920ರದ್ದಾ? ಬ್ಯಾಂಡ್ ಸದ್ದು ಅಸಲಿಯಾ?

ಸೆನೊಟಾಫ್ ಅಂದರೆ ಮೊದಲ ಮಹಾಯುದ್ಧದಲ್ಲಿ ಸತ್ತವರ ನೆನಪಿಗೆ ಲಂಡನ್‌ನಲ್ಲಿ ಕಟ್ಟಿದ ಸ್ಮಾರಕ. ನೀವು ಹೇಳಿದ ಹಾಗೆ ಕ್ಲಿಪ್‌ನಲ್ಲಿ ಫಿರಂಗಿ ಗಾಡಿಯ ಮೇಲೆ ಶವಪೆಟ್ಟಿಗೆ ಇದ್ದರೆ ಅದು 1920ರ ನವೆಂಬರ್ 11ರದ್ದೇ. ಪೆಟ್ಟಿಗೆಯೊಳಗೆ ಇರುವುದು ಫ್ರಾನ್ಸ್‌ನಿಂದ ತಂದ, ಹೆಸರು ಗೊತ್ತಿಲ್ಲದ ಒಬ್ಬ ಸೈನಿಕನ ದೇಹ. ಇನ್ನೊಮ್ಮೆ ನಿಧಾನವಾಗಿ ನೋಡಿ. ಮೇಲೆ ಹೊದಿಸಿದ ಬಾವುಟದ ಮೇಲೆ ಒಂದು ಉಕ್ಕಿನ ಟೋಪಿ, ಒಂದು ಬೆಲ್ಟ್. ಯಾರ ಮಗನೋ ಏನೋ! ನಾನು ಪ್ರತಿ ಸಲ ಅಲ್ಲೇ ಪಾಝ್ ಒತ್ತಿ ನಿಂತುಬಿಡುತ್ತೇನೆ.

1919ರ ಜುಲೈನದ್ದು ವಿಜಯದ ಮೆರವಣಿಗೆ. ಆಗಿನ ಸ್ಮಾರಕ ಬರೀ ಮರ ಮತ್ತು ಪ್ಲಾಸ್ಟರ್‌ನದ್ದು. ಜನ ಅಲ್ಲಿ ಹೂವಿಟ್ಟು ಹೋಗುವುದನ್ನು ನಿಲ್ಲಿಸಲೇ ಇಲ್ಲ, ಹಾಗಾಗಿ ಅದೇ ಜಾಗದಲ್ಲಿ ಕಲ್ಲಿನದ್ದು ಕಟ್ಟಿದರು. ಅದನ್ನು ಬ್ರಿಟನ್ನಿನ ರಾಜ ಐದನೇ ಜಾರ್ಜ್ ಅನಾವರಣ ಮಾಡಿದ್ದು 1920ರಲ್ಲಿ. ಸುತ್ತಿದ್ದ ಬಾವುಟಗಳು ಕೆಳಗೆ ಜಾರುವುದು ಕಂಡರೆ ಅನುಮಾನವೇ ಬೇಡ.

ಸದ್ದು ಮಾತ್ರ ಅಸಲಿ ಅಲ್ಲ, ಆಮೇಲೆ ಸೇರಿಸಿದ್ದು. ಆ ಕಾಲದ ನ್ಯೂಸ್‌ರೀಲ್‌ಗಳು ಮೂಕಿ. ಕ್ಯಾಮೆರಾವನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ಈಗಿನ ವೇಗದಲ್ಲಿ ಓಡಿಸಿದರೆ ಜನ ದಡಬಡ ನಡೆದಂತೆ ಕಾಣುತ್ತದೆ, ಅಲ್ವಾ? ಪ್ಲೇಯರ್‌ನಲ್ಲಿ ವೇಗ 0.75ಕ್ಕೆ ಇಳಿಸಿ, ಸದ್ದು ಮ್ಯೂಟ್ ಮಾಡಿ ನೋಡಿ. ಸತ್ತವರ ನೆನಪಿಗೆ ಜನ ಆಚರಿಸಿದ ಆ ಎರಡು ನಿಮಿಷದ ಮೌನ ಆಗ ಬೇರೆಯೇ ಅನ್ನಿಸುತ್ತದೆ.