ಓದುಗರ ಪ್ರಶ್ನೆಗೆ ಉತ್ತರ: ಕ್ಯಾರವಾನಿಗೆ ಕಲ್ಲೇಟು, ಜೀಪಿಗೆ ಕೊಂಡಿ

ಪ್ರಶ್ನೆ: 14 ಅಡಿಯ ಕ್ಯಾರವಾನ್ ಮಾಡಿಸಿ ಜೀಪಿಗೆ ಕಟ್ಟಿ ಎಳೆಯುತ್ತೇವೆ. ಅದಿರಿನ ಟಿಪ್ಪರ್ ಓಡಾಡುವ ರಸ್ತೆಯಲ್ಲಿ ಕ್ಯಾರವಾನಿನ ಮುಂಭಾಗದ ಶೀಟಿಗೆಲ್ಲ ಗುಳಿ ಬಿದ್ದಿದೆ. ಅದರ ಮೇಲೆ ಚೆಕರ್ಡ್ ಅಲ್ಯೂಮಿನಿಯಂ ಪ್ಲೇಟ್ ಹೊಡೆಸೋಣವೇ? ಇನ್ನೊಂದು ಒಗಟು: ಹಿಂದೆ ಮುಂದೆ ಯಾವ ವಾಹನವೂ ಇಲ್ಲದಾಗ ಜೀಪಿನ ಹಿಂಬದಿಯ ಗಾಜು ಒಡೆಯಿತು. ಕಲ್ಲು ಬಂದದ್ದು ಎಲ್ಲಿಂದ?
— ಓದುಗರು, ಸಂಡೂರು

ಉತ್ತರ: ಗುಳಿ ಬಿದ್ದದ್ದಕ್ಕೂ ಗಾಜು ಒಡೆದದ್ದಕ್ಕೂ ಕಾರಣ ಒಂದೇ. ಜೀಪಿನ ಹಿಂದಿನ ಟೈರು ಕಲ್ಲನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಹಿಂದೆಯೇ 60 ಕಿ.ಮೀ. ವೇಗದಲ್ಲಿ ಬರುವ ಕ್ಯಾರವಾನಿನ ಚಪ್ಪಟೆ ಗೋಡೆ ಅದನ್ನು ಬ್ಯಾಟಿನಂತೆ ಮುಂದಕ್ಕೆ ಹೊಡೆಯುತ್ತದೆ. ಕಲ್ಲು ನೇರ ನಿಮ್ಮದೇ ಗಾಜಿಗೆ. ಹಿಂಬದಿಯದು ಟೆಂಪರ್ಡ್ ಗಾಜು, ಮುಂಬದಿಯದರಂತೆ ಬಿರುಕು ಬಿಟ್ಟು ನಿಲ್ಲುವುದಿಲ್ಲ. ಒಂದು ಮೂಲೆಗೆ ಏಟು ಬಿದ್ದರೂ ಇಡೀ ಗಾಜು ಕಲ್ಲುಸಕ್ಕರೆಯ ಹಾಗೆ ಪುಡಿಯಾಗಿ ಉದುರುತ್ತದೆ.

ಆದ್ದರಿಂದ ಬರೀ ಪ್ಲೇಟ್ ಹೊಡೆಸಬೇಡಿ. ಗೋಡೆ ಉಳಿಯುತ್ತದೆ, ಆದರೆ ಕಲ್ಲು ಇನ್ನೂ ಜೋರಾಗಿ ಪುಟಿಯುತ್ತದೆ, ಗಾಜು ಮತ್ತೆ ಹೋಗುತ್ತದೆ. ನಿಮ್ಮ ಕಡೆಯ ಕಲ್ಲು ಬೇರೆ ಊರಿನ ಜಲ್ಲಿಯಂತಲ್ಲ ಎಂಬುದನ್ನೂ ನೆನಪಿಡಿ. ಕಬ್ಬಿಣದ ಅದಿರಿನ ಹರಳು ಅದೇ ಗಾತ್ರದ ಗ್ರಾನೈಟ್ ಜಲ್ಲಿಗಿಂತ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು ಭಾರ. ಅದನ್ನು ಗಟ್ಟಿ ತಗಡಿನಿಂದ ಎದುರಿಸುವುದಕ್ಕಿಂತ ಮೆತ್ತಗೆ ಹಿಡಿದು ಕೆಳಕ್ಕೆ ಬೀಳಿಸುವುದೇ ಸರಿ.

ಮೊದಲು ಮಡ್‌ಫ್ಲ್ಯಾಪ್. ಚಕ್ರಕ್ಕೊಂದು ಚಿಕ್ಕ ತುಂಡು ಸಾಲದು, ಜೀಪಿನ ಅಗಲಕ್ಕೂ ಇಳಿಬಿಡಿ. ಒಳಗೆ ಕ್ಯಾನ್ವಾಸ್ ಪದರವಿರುವ 6ರಿಂದ 8 ಮಿ.ಮೀ. ದಪ್ಪದ ರಬ್ಬರ್ ಒಳ್ಳೆಯದು. ಗಣಿ ಭಾಗದ ಗುಜರಿಗಳಲ್ಲಿ ಸಿಗುವ ಹಳೆಯ ಕನ್ವೇಯರ್ ಬೆಲ್ಟ್ ಆದೀತು, ಆದರೆ ತೆಳುವಾದದ್ದನ್ನೇ ಆರಿಸಿ. ದಪ್ಪ ಬೆಲ್ಟ್ ತೂಕಕ್ಕೆ ಬ್ರಾಕೆಟ್ ಸೀಳುತ್ತದೆ. ಕ್ಯಾರವಾನ್ ಕಟ್ಟಿ, ಸಾಮಾನು ತುಂಬಿ, ಜೀಪಿನ ಹಿಂಭಾಗ ಕುಸಿದ ಮೇಲೆ ಅಳತೆ ತೆಗೆಯಿರಿ. ಆಗ ನೆಲಕ್ಕೂ ರಬ್ಬರಿಗೂ 10ರಿಂದ 12 ಸೆಂ.ಮೀ. ಉಳಿಯಬೇಕು. ಗಾಳಿಗೆ ಮೇಲೇಳದಂತೆ ಕೆಳಅಂಚಿಗೆ ಒಂದು ಚಪ್ಪಟೆ ಕಬ್ಬಿಣದ ಪಟ್ಟಿ ಬೋಲ್ಟ್ ಮಾಡಿ. ಸೈಲೆನ್ಸರ್ ಕೊಳವೆಯ ಸುತ್ತ 15 ಸೆಂ.ಮೀ. ಕತ್ತರಿಸಿ ಬಿಡಿ, ಇಲ್ಲದಿದ್ದರೆ ಸುಟ್ಟ ವಾಸನೆ ಬರುತ್ತದೆ. ಫ್ಲ್ಯಾಪ್ ಹರಿಯುವುದು ಹೆಚ್ಚಾಗಿ ರಿವರ್ಸಿನಲ್ಲಿ: ದಿಬ್ಬದ ಮೇಲೆ ಹಿಂದಕ್ಕೆ ಹೋಗುವಾಗ ಟೈರಿನಡಿ ಸಿಕ್ಕಿಕೊಳ್ಳುತ್ತದೆ. ಕೈಯಲ್ಲಿ ಕಳಚುವಂಥ ಪಿನ್ ಇಟ್ಟುಕೊಳ್ಳಿ.

ಎರಡನೆಯದು ಮೆಶ್ ಪರದೆ. ಕ್ಯಾರವಾನಿನ ಮೂಕಿಯ (ಜೀಪಿಗೆ ಕಟ್ಟಲು ಮುಂದಕ್ಕೆ ಚಾಚಿದ ತೊಲೆಯ) ಮೇಲೆ, ಗೋಡೆಗಿಂತ ಒಂದರಿಂದ ಒಂದೂವರೆ ಅಡಿ ಮುಂದೆ, 25 ಮಿ.ಮೀ. ಚೌಕ ಪೈಪಿನ ಚೌಕಟ್ಟು ನಿಲ್ಲಿಸಿ. ಅದಕ್ಕೆ ಪಿವಿಸಿ ಲೇಪಿಸಿದ ಪಾಲಿಯೆಸ್ಟರ್ ಮೆಶ್ ಕಟ್ಟಿ. ತೋಟದ ಹಸಿರು ನೆರಳುಬಲೆ ಅಗ್ಗ, ಆದರೆ ಅದಿರಿನ ಏಟಿಗೆ ಬೇಗ ಹರಿಯುತ್ತದೆ. ಮೆಶ್ಶನ್ನು ತಮಟೆಯಂತೆ ಬಿಗಿದರೆ ಅದೂ ಕಲ್ಲನ್ನು ಹಿಂದಕ್ಕೆ ಎಸೆಯುತ್ತದೆ. ಅಂಗೈಯಿಂದ ಒತ್ತಿದರೆ ಮೂರು ನಾಲ್ಕು ಬೆರಳಿನಷ್ಟು ಒಳಗೆ ಹೋಗಬೇಕು. ಅದಕ್ಕೇ ಹಗ್ಗದಿಂದ ಕಟ್ಟದೆ, ಹಳೆಯ ಲಾರಿ ಟ್ಯೂಬ್ ಕತ್ತರಿಸಿದ ಪಟ್ಟಿಗಳಿಂದ ಪ್ರತಿ 15 ಸೆಂ.ಮೀ.ಗೆ ಒಂದರಂತೆ ಕಟ್ಟಿ. ನಮ್ಮ ಬಿಸಿಲಿಗೆ ಈ ಪಟ್ಟಿಗಳು ಬಿರುಕು ಬಿಡುತ್ತವೆ, ವರ್ಷಕ್ಕೊಮ್ಮೆ ಬದಲಿಸಿ. ಚೌಕಟ್ಟನ್ನು ಪೂರ್ತಿ ವೆಲ್ಡ್ ಮಾಡುವ ಮೊದಲು ಖಾಲಿ ಮೈದಾನದಲ್ಲಿ ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಮುಂದಕ್ಕೂ ಹಿಂದಕ್ಕೂ ಓಡಿಸಿ, ಜೀಪಿನ ಮೂಲೆ ತಾಗುತ್ತದೆಯೇ ನೋಡಿ.

ಈ ಎರಡೂ ಆದ ಮೇಲೆ ಗೋಡೆಯ ಕೆಳಗಿನ ಎರಡಡಿಗೆ 4-5 ಮಿ.ಮೀ. ರಬ್ಬರ್ ಶೀಟ್ ಅಂಟಿಸಿದರೆ ಸಾಕು. ಅಂಟಿಸುವ ಮೊದಲು ಹಳೆಯ ಗುಳಿಗಳನ್ನು ಒಂದೊಂದಾಗಿ ನೋಡಿ. ಗುಳಿಯ ನಡುವೆ ಸೂಜಿ ತೂರುವಷ್ಟು ಸೀಳಿದ್ದರೂ ಮಳೆನೀರು ಒಳಗಿನ ಪ್ಲೈವುಡ್ಡಿಗೆ ಇಳಿದಿರುತ್ತದೆ. ಬೆರಳ ಗೆಣ್ಣಿನಿಂದ ತಟ್ಟುತ್ತ ಹೋಗಿ: ಗಟ್ಟಿ ಸದ್ದು ಒಮ್ಮೆಲೇ ಮಂದವಾದ ಕಡೆ ಮರ ಕೊಳೆಯುತ್ತಿದೆ ಎಂದರ್ಥ. ಅದನ್ನು ಕತ್ತರಿಸಿ ತೆಗೆಯದೆ ಮುಚ್ಚಬೇಡಿ. ಉಳಿದ ಸೀಳುಗಳನ್ನು ಪೂರ್ತಿ ಒಣಗಿಸಿ ಎಪಾಕ್ಸಿ ತುಂಬಿ.

ಗರಸು ರಸ್ತೆಯಲ್ಲಿ ವೇಗ ಇಳಿಸಿದರೆ ಖರ್ಚಿಲ್ಲದೆ ರಕ್ಷಣೆ ಸಿಗುತ್ತದೆ. 80ರಿಂದ 60ಕ್ಕೆ ಬಂದರೆ ಏಟಿನ ಶಕ್ತಿ ಸುಮಾರು ಶೇ 44 ಇಳಿಯುತ್ತದೆ, ಏಕೆಂದರೆ ಅದು ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ.

ಪ್ರಶ್ನೆ: ಆನೆಗೊಂದಿ, ಸಣಾಪುರದ ಕಡೆಯ ಬಂಡೆಗಲ್ಲಿನ ದಾರಿಗೂ ಕ್ಯಾರವಾನ್ ಒಯ್ಯುವ ಆಸೆ. ಟ್ರ್ಯಾಕ್ಟರಿನಂತೆ ತೂತಿಗೆ ಪಿನ್ನು ತೂರಿಸುವ ಪಿನ್ ಹಿಚ್ (ಕೊಂಡಿ) ಸಾಕೇ, ಉಕ್ಕಿನ ಗುಂಡಿನ ಮೇಲೆ ಕೂರುವ ಬಾಲ್ ಹಿಚ್ ಬೇಕೇ?
— ಓದುಗರು, ಗಂಗಾವತಿ

ಉತ್ತರ: ಪಿನ್ ಹಿಚ್ ಬೇಡ. 25 ಮಿ.ಮೀ. ಪಿನ್ನು 30 ಮಿ.ಮೀ. ತೂತಿನಲ್ಲಿ ಆಡುತ್ತ ಪ್ರತಿ ಬ್ರೇಕಿಗೂ ಬಡಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಜೀಪಿನ ಒಂದು ಚಕ್ರ ಬಂಡೆ ಹತ್ತಿ ಕ್ಯಾರವಾನಿನ ಎದುರು ಬದಿಯ ಚಕ್ರ ಗುಂಡಿಗಿಳಿದಾಗ ಆ ತಿರುಚು ಪಿನ್ನಿನಲ್ಲಿ ಕಳೆಯದೆ ಮೂಕಿಯ ವೆಲ್ಡಿಂಗಿಗೆ ಹೋಗುತ್ತದೆ. ಡಾಂಬರು ರಸ್ತೆಗೂ ಸಾಧಾರಣ ಮಣ್ಣಿನ ದಾರಿಗೂ 50 ಮಿ.ಮೀ. ಬಾಲ್ ಚೆನ್ನಾಗಿ ನಡೆಯುತ್ತದೆ. ನೀವು ಹೇಳುವಂಥ ದಾರಿಗೆ ಮೇಲೆ-ಕೆಳಗೆ, ಎಡ-ಬಲ, ಉರುಳು, ಮೂರೂ ದಿಕ್ಕಿಗೆ ತಿರುಗುವ ಯೂನಿವರ್ಸಲ್ ಜಾಯಿಂಟ್ ಮಾದರಿ ತೆಗೆದುಕೊಳ್ಳಿ. ಪಾಲಿಯುರೆಥೇನ್ ಬ್ಲಾಕ್ ಇರುವ ಬಗೆ ಸದ್ದಿಲ್ಲದೆ ಕುಲುಕಾಟವನ್ನೂ ಹೀರುತ್ತದೆ. ಕಟ್ಟುವಾಗ ತೂತು ತೂತಿಗೆ ಸರಿಹೊಂದಿಸುವ ತಾಳ್ಮೆ ಮಾತ್ರ ಬೇಕು.

ಹಿಚ್ಚು ತಾಳಬೇಕಾದ ಬಲದ ಲೆಕ್ಕ ಹೀಗಿದೆ. ಎಳೆಯುವ ವಾಹನದ ಒಟ್ಟು ತೂಕವನ್ನು ಕ್ಯಾರವಾನಿನ ಒಟ್ಟು ತೂಕದಿಂದ ಗುಣಿಸಿ, ಎರಡರ ಮೊತ್ತದಿಂದ ಭಾಗಿಸಿ, 9.81ರಿಂದ ಗುಣಿಸಿ. ತೂಕ ಟನ್ನಿನಲ್ಲಿದ್ದರೆ ಉತ್ತರ ಕಿಲೋನ್ಯೂಟನ್. ಜೀಪು 2.2 ಟನ್, ಕ್ಯಾರವಾನ್ 1.2 ಟನ್ ಆದರೆ 7.6 ಬರುತ್ತದೆ. ಇದಕ್ಕೆ ಡಿ ಮೌಲ್ಯ ಎನ್ನುತ್ತಾರೆ. ಬಂಡೆ ದಾರಿಗೆ ಅದರ ಒಂದೂವರೆ ಪಟ್ಟು, ಅಂದರೆ ಸುಮಾರು 11.5ಕ್ಕಿಂತ ಹೆಚ್ಚು ತಾಳುವ ಹಿಚ್ಚೇ ಇರಲಿ. ಮೈಮೇಲೆ ಈ ಅಂಕಿ ಕೆತ್ತಿಲ್ಲದ ಹಿಚ್ ಕೊಳ್ಳಬೇಡಿ. ಜೀಪು ಎಷ್ಟು ತೂಕ ಎಳೆಯಬಹುದೆಂದು ತಯಾರಕರು ಹೇಳಿದ್ದಾರೋ ಅದನ್ನು ಯಾವ ಹಿಚ್ಚೂ ಹೆಚ್ಚಿಸುವುದಿಲ್ಲ. ಹಿಚ್ಚನ್ನು ಬಂಪರಿಗಲ್ಲ, ಚಾಸಿಯ ಎರಡೂ ಉದ್ದ ತೊಲೆಗಳಿಗೆ 8.8 ದರ್ಜೆಯ ಬೋಲ್ಟಿನಿಂದ ಕೂರಿಸಿ, ಮೊದಲ 100 ಕಿ.ಮೀ. ಆದ ಮೇಲೆ ಮತ್ತೆ ಬಿಗಿ ನೋಡಿ.

ಪ್ರಶ್ನೆ: ವೇಗ 60 ದಾಟಿದರೆ ಕ್ಯಾರವಾನ್ ಬಾಲ ಅಲ್ಲಾಡಿಸುತ್ತದೆ. ಬಾಲ್ ಹಿಚ್ಚಿನಲ್ಲಿ ಟಕ್ ಟಕ್ ಸದ್ದೂ ಇದೆ.
— ಓದುಗರು, ಸಿಂಧನೂರು

ಉತ್ತರ: ಎರಡು ಬೇರೆ ದೋಷಗಳು. ಬಾಲ ಅಲ್ಲಾಡುವುದು ಹಿಂಭಾರದಿಂದ. ಎತ್ತಿನ ಬಂಡಿ ಹೇರಿದವರಿಗೆ ಇದು ಗೊತ್ತು: ಮೂಕಿಭಾರ ತಕ್ಕಷ್ಟಿರಬೇಕು. ಕ್ಯಾರವಾನಿಗೆ ಒಟ್ಟು ತೂಕದ ಶೇ 10ರ ಆಸುಪಾಸು ಇಡಿ. 900 ಕೆಜಿಗೆ 90 ಕೆಜಿ. ಒಟ್ಟು ತೂಕಕ್ಕೆ ಊರಿನ ವೇಬ್ರಿಡ್ಜ್ ಸಾಕು, ಆದರೆ ಅದು 5 ಅಥವಾ 10 ಕೆಜಿಯ ಹೆಜ್ಜೆಯಲ್ಲಿ ತೋರಿಸುವುದರಿಂದ ಮೂಕಿಭಾರಕ್ಕೆ ಆಗದು. ಸಮನೆಲದಲ್ಲಿ ಚಕ್ರಕ್ಕೆ ಅಡ್ಡ ಕೊಟ್ಟು, ಮನುಷ್ಯರ ತೂಕದ ಯಂತ್ರದ ಮೇಲೆ ಮರದ ತುಂಡು ನಿಲ್ಲಿಸಿ, ಕಪ್ಲರ್ (ಬಾಲ್ ಮೇಲೆ ಕೂರುವ ಮೂಕಿಯ ತುದಿ) ಅದರ ಮೇಲೆ ಕೂರಿಸಿ ನೋಡಿ. ಕಡಿಮೆ ಬಂದರೆ ನೀರಿನ ಕ್ಯಾನು, ಸಿಲಿಂಡರ್ ಮುಂದಕ್ಕೆ ಸರಿಸಿ. ಆಮೇಲೆ ಜೀಪಿನ ಹಿಚ್ಚು ತಾಳುವ ಮಿತಿ ಮೀರಿಲ್ಲವೆಂದು ನೋಡಿಕೊಳ್ಳಿ.

ಸದ್ದಿಗೆ ಮೊದಲು ವರ್ನಿಯರ್ ಹಿಡಿಯಿರಿ. 50 ಮಿ.ಮೀ. ಬಾಲೂ 2 ಇಂಚಿನ ಬಾಲೂ ಒಂದೇ ಅಲ್ಲ. 2 ಇಂಚು ಎಂದರೆ 50.8. ಆ 0.8ರ ವ್ಯತ್ಯಾಸಕ್ಕೆ ಕಪ್ಲರ್ ಸಡಿಲವಾಗುತ್ತದೆ ಇಲ್ಲವೇ ಬೀಗ ಬೀಳುವುದಿಲ್ಲ. ಬಾಲನ್ನು ಮುಂದೆ-ಹಿಂದೆ, ಎಡ-ಬಲ ಎರಡೂ ಕಡೆ ಅಳೆಯಿರಿ, ಸವೆತ ಮೊದಲು ಮುಂದೆ-ಹಿಂದೆಯೇ ಕಾಣುವುದು. 49.5ಕ್ಕಿಂತ ಇಳಿದ ಬಾಲ್ ಬದಲಿಸಿ. ನಮ್ಮ ಧೂಳು ಗ್ರೀಸಿಗೆ ಸೇರಿದರೆ ಅರದಂತೆ ಉಜ್ಜುತ್ತದೆ. ಪ್ರತಿ ಪ್ರಯಾಣಕ್ಕೂ ಮೊದಲು ಸೀಮೆಎಣ್ಣೆ ಅಥವಾ ಡೀಸೆಲ್ ಬಟ್ಟೆಯಿಂದ ಒರೆಸಿ ಹೊಸ ಗ್ರೀಸ್ ಹಚ್ಚಿ. ಬಾಲನ್ನು ಒತ್ತಿ ಹಿಡಿದು ಓಲಾಟ ತಡೆಯುವ ಘರ್ಷಣೆ ಪ್ಯಾಡ್ ಇರುವ ಕಪ್ಲರ್ ಆದರೆ ಮಾತ್ರ ಗ್ರೀಸ್ ಸೋಕಿಸಬಾರದು.

ಪ್ರಶ್ನೆ: ಹಿಚ್ಚು ಸರಿಯಾಗಿ ಕೂತಿದೆ ಎಂದು ಹೊರಡುವ ಮುನ್ನ ತಿಳಿಯುವುದು ಹೇಗೆ?
— ಓದುಗರು, ಸಿರುಗುಪ್ಪ

ಉತ್ತರ: ಬೀಗ ಹಾಕಿದ ಮೇಲೆ ಮೂಕಿಯ ಜಾಕಿಯನ್ನು ತಿರುಗಿಸಿ ಮೂಕಿಯನ್ನು ಮೇಲಕ್ಕೆ ಎತ್ತಿ. ಜೀಪಿನ ಹಿಂಭಾಗ ಎರಡು ಮೂರು ಸೆಂ.ಮೀ. ಜೊತೆಗೇ ಎದ್ದರೆ ಕೂತಿದೆ. ಕಪ್ಲರ್ ಮಾತ್ರ ಎದ್ದು ಬಂದರೆ ಕೂತಿಲ್ಲ. ಆಮೇಲೆ ಜಾಕಿಯನ್ನು ಪೂರ್ತಿ ಮೇಲಕ್ಕೆ ಸೇರಿಸಿ. ಎರಡು ಸುರಕ್ಷಾ ಸರಪಳಿಗಳನ್ನು ಮೂಕಿಯ ಕೆಳಗೆ ಗುಣಿಸು ಚಿಹ್ನೆಯಂತೆ ಅಡ್ಡ ಹಾಯಿಸಿ ಕಟ್ಟಿ, ಕೊಂಡಿ ಕಳಚಿದರೆ ಮೂಕಿ ನೆಲಕ್ಕೆ ನಾಟದೆ ಅವುಗಳ ಮೇಲೆ ಕೂರುತ್ತದೆ. ವೆಲ್ಡಿಂಗಿನ ಅಂಚನ್ನು ತೊಳೆದು, ಒಣಗಿದ ಮೇಲೆ ಬೆಳಕಿನಲ್ಲಿ ನೋಡಿ: ಬಣ್ಣದ ನಡುವೆ ಕೂದಲೆಳೆಯಷ್ಟು ಕೆಂಪು ತುಕ್ಕಿನ ಗೆರೆ ಕಂಡರೆ ಅಲ್ಲಿ ಲೋಹ ಬಿರಿದಿದೆ. ಅವತ್ತು ಹೊರಡಬೇಡಿ.