ಎಲ್‌ವಿಎನ್‌ನಿಂದ ಆರ್‌ಎನ್: ಯಾವ ದಾರಿ ಹಿಡಿಯಲಿ ಅಕ್ಕ?

ಪ್ರಶ್ನೆ: ನಮಸ್ತೆ ಅಕ್ಕ. ನನಗೆ 37 ವರ್ಷ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಮೈಸೂರಿನಲ್ಲಿ ಬಿಎಸ್ಸಿ ಮಾಡಿದ್ದೆ, ಸಿಬಿಝಡ್. ಇಲ್ಲಿಗೆ ಬಂದ ಮೇಲೆ ವೊಕೇಷನಲ್ ನರ್ಸಿಂಗ್ ಓದಿ ಎಲ್‌ವಿಎನ್ (ಲೈಸೆನ್ಸ್ಡ್ ವೊಕೇಷನಲ್ ನರ್ಸ್, ಆರ್‌ಎನ್‌ಗಿಂತ ಕೆಳಗಿನ ಹಂತ) ಲೈಸೆನ್ಸ್ ತಗೊಂಡೆ. ನಾಲ್ಕು ವರ್ಷದಿಂದ ಒಂದು ನರ್ಸಿಂಗ್ ಹೋಮ್‌ನಲ್ಲಿ ಸಂಜೆ ಶಿಫ್ಟ್ ಮಾಡುತ್ತಿದ್ದೇನೆ. ಈಗ ಆರ್‌ಎನ್, ಅಂದರೆ ರಿಜಿಸ್ಟರ್ಡ್ ನರ್ಸ್ ಆಗಬೇಕು ಅನ್ನಿಸಿದೆ. ಜೊತೆಗೆ ಕೆಲಸ ಮಾಡುವವರೊಬ್ಬರು "30 ಯೂನಿಟ್ ದಾರಿ ಹಿಡಿ, ಒಂದೇ ವರ್ಷದಲ್ಲಿ ಮುಗಿಯುತ್ತೆ" ಅಂತಾರೆ. ನಮ್ಮನೆಯವರು "ಓದೋದೇ ಆದರೆ ಸೀದಾ ಬಿಎಸ್‌ಎನ್ (ನರ್ಸಿಂಗ್‌ನ ಬ್ಯಾಚುಲರ್ ಡಿಗ್ರಿ) ಮಾಡು" ಅಂತಾರೆ. ಕಮ್ಯುನಿಟಿ ಕಾಲೇಜಿನವರು ಎಡಿಎನ್ (ನರ್ಸಿಂಗ್‌ನ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ) ಅಂತಾರೆ. ಮಕ್ಕಳಿಗೆ ಆರು ಮತ್ತು ಒಂಬತ್ತು ವರ್ಷ. ರೋಗಿಗೆ ಏನೋ ಆಗ್ತಿದೆ ಅಂತ ನನಗೆ ಗೊತ್ತಾಗುತ್ತೆ, ಆದರೆ ಅದನ್ನು ಹೇಳುವ ಅಧಿಕಾರ ನನಗಿಲ್ಲ. ಅದೇ ಬೇಜಾರು. ಯಾವ ದಾರಿ ಸರಿ?

ಉತ್ತರ: ತಂಗಿ, ನಿಮ್ಮ ಕೊನೇ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನಾನೂ ಆರು ವರ್ಷ ಎಲ್‌ವಿಎನ್ ಆಗಿದ್ದವಳು. ಸ್ಟಾಕ್ಟನ್ ಕಡೆ, ರಾತ್ರಿ ಶಿಫ್ಟ್. 28 ಜನ, ಒಂದು ಔಷಧಿ ಗಾಡಿ. (ಊರಿನಲ್ಲಿರುವ ಓದುಗರಿಗೆ ಒಂದು ಮಾತು: ಇಲ್ಲಿ ನರ್ಸಿಂಗ್ ಹೋಮ್ ಅಂದರೆ ಸಣ್ಣ ಖಾಸಗಿ ಆಸ್ಪತ್ರೆ ಅಲ್ಲ. ವಯಸ್ಸಾದವರು, ಆಸ್ಪತ್ರೆಯಿಂದ ಬಂದು ಚೇತರಿಸಿಕೊಳ್ಳುವವರು ಇರುವ ಜಾಗ.)

ಒಂದು ರಾತ್ರಿ ಎರಡೂವರೆ ಇರಬೇಕು. ಮೂಲೆ ಕೋಣೆಯ ಅಜ್ಜಿ ದಿಂಬು ಎತ್ತರಿಸಿಕೊಂಡು ಕೂತಿದ್ದರು. ಹೊದಿಕೆಯ ಅಂಚನ್ನು ಬೆರಳಿನಿಂದ ಎಳೀತಾ ಇದ್ದರು. ಉಸಿರು ಎಣಿಸಿದೆ, ನಿಮಿಷಕ್ಕೆ 30. ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಹಾಕಿದ ಕ್ಲಿಪ್ 86 ತೋರಿಸಿತು. ಕಾಲು ಒತ್ತಿ ನೋಡಿದರೆ ಬೆರಳಿನ ಗುಳಿ ಹಾಗೇ ನಿಂತಿತು. ಆ ಹೊತ್ತಿನಲ್ಲಿ ಆರ್‌ಎನ್ ಕಟ್ಟಡದಲ್ಲಿ ಇರಲಿಲ್ಲ, ಫೋನಿನಲ್ಲಿ ಸಿಕ್ಕರು. ನಂಬರ್ ಕೇಳಿದರು, ಕೊಟ್ಟೆ. ಏನಾಗಿರಬಹುದು ಅಂತ ನನಗೆ ಅನ್ನಿಸಿತ್ತು, ಆದರೆ ಅದನ್ನು ಯಾರೂ ಕೇಳಲಿಲ್ಲ. 911ಗೆ ಫೋನ್ ಮಾಡಿ ಕಳಿಸಿದೆವು. ಎಂಟು ದಿನದ ಮೇಲೆ ಅಜ್ಜಿ ವಾಪಸ್ ಬಂದರು, ಚೆನ್ನಾಗಿದ್ದರು. ಆದರೆ ಆ ರಾತ್ರಿ ಚಾರ್ಟ್ ಬರೆಯುವಾಗ ನಾನು ಬರೆದದ್ದು ಬರೀ ಅಂಕಿಗಳು. ಅಷ್ಟೇ ಬರೆಯಬಹುದಿತ್ತು. ಇಲ್ಲಿನ ಕಾನೂನಿನಲ್ಲಿ ಎಲ್‌ವಿಎನ್ ನೋಡಿದ್ದನ್ನು, ಅಳೆದದ್ದನ್ನು ದಾಖಲಿಸಬಹುದು. ಅದರ ಅರ್ಥ ಏನು, ಮುಂದೇನು ಅನ್ನುವ ತೀರ್ಮಾನ ಆರ್‌ಎನ್‌ದು. ಮಾರನೇ ವಾರವೇ ನಾನು ಕಾಲೇಜಿನ ಕೌನ್ಸೆಲರ್ ಹತ್ತಿರ ಹೋದೆ. ಆದ್ದರಿಂದ ನಿಮ್ಮ ಬೇಜಾರು ನನಗೆ ಚೆನ್ನಾಗಿ ಗೊತ್ತು.

ಮೊದಲು 30 ಯೂನಿಟ್ (ಯೂನಿಟ್ ಅಂದರೆ ಕಾಲೇಜಿನ ಕ್ರೆಡಿಟ್) ವಿಷಯ ಹೇಳಿಬಿಡ್ತೀನಿ, ಯಾಕಂದ್ರೆ ಜಾಸ್ತಿ ಜನ ಎಡವುವುದು ಅಲ್ಲೇ. ಇದು ಕ್ಯಾಲಿಫೋರ್ನಿಯಾದಲ್ಲಿ ಎಲ್‌ವಿಎನ್‌ಗಳಿಗೆ ಅಂತಲೇ ಇರುವ ದಾರಿ. ಮೊದಲು ಫಿಸಿಯಾಲಜಿ, ಮೈಕ್ರೋಬಯಾಲಜಿ ಪಾಸಾಗಬೇಕು. ಆಮೇಲೆ ಮೆಡಿಕಲ್-ಸರ್ಜಿಕಲ್, ಮಾನಸಿಕ ಆರೋಗ್ಯ, ವಯಸ್ಸಾದವರ ಆರೈಕೆ ಇಂಥ ಮೇಲಿನ ಹಂತದ ನರ್ಸಿಂಗ್ ಕೋರ್ಸ್‌ಗಳು. ಎಲ್ಲಾ ಸೇರಿ 30 ಸೆಮಿಸ್ಟರ್ ಯೂನಿಟ್ಟಿಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಆಮೇಲೆ ಆರ್‌ಎನ್ ಲೈಸೆನ್ಸಿಗೆ ಬೇಕಾದ ಎನ್‌ಕ್ಲೆಕ್ಸ್-ಆರ್‌ಎನ್ ಪರೀಕ್ಷೆ ಬರೆಯಬಹುದು. ಡಿಗ್ರಿ ಸಿಗಲ್ಲ. ಲೈಸೆನ್ಸ್ ಮಾತ್ರ ಸಿಗುತ್ತೆ.

ಕೇಳೋಕೆ ಸುಲಭ, ಅಲ್ವಾ? ಆದರೆ ಆ ಕೋರ್ಸ್‌ಗಳನ್ನು ಕಲಿಸುವುದು ಅದೇ ಎಡಿಎನ್ ಕ್ಲಾಸಿನಲ್ಲಿ, ಅದೇ ವಿದ್ಯಾರ್ಥಿಗಳ ಜೊತೆ. ಸೀಟು ಖಾಲಿ ಇದ್ದರೆ ಮಾತ್ರ ಒಳಗೆ. ಹಾಗಾಗಿ "ಒಂದೇ ವರ್ಷ" ಅನ್ನುವುದು ಸೀಟು ಸಿಕ್ಕಿದ ಮೇಲಿನ ಲೆಕ್ಕ. ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಈ ದಾರಿಯಲ್ಲಿ ಬಂದವರಿಗೆ ಎಷ್ಟೋ ರಾಜ್ಯಗಳು ಲೈಸೆನ್ಸ್ ಕೊಡುವುದಿಲ್ಲ. ಮುಂದೆ ನೀವು ಡಿಗ್ರಿ ಮಾಡಿಕೊಂಡರೂ ಆರ್‌ಎನ್ ಲೈಸೆನ್ಸ್ ಕೊಡುವ ಬೋರ್ಡ್ ಆಫ್ ರಿಜಿಸ್ಟರ್ಡ್ ನರ್ಸಿಂಗ್‌ನ ದಾಖಲೆಯಲ್ಲಿ ನೀವು 30 ಯೂನಿಟ್‌ನವರೇ ಆಗಿ ಉಳೀತೀರಿ, ಅದನ್ನು ಬದಲಾಯಿಸುವುದಿಲ್ಲ. ನಾಳೆ ನಿಮ್ಮ ಯಜಮಾನರಿಗೆ ಸಿಯಾಟಲ್‌ನಲ್ಲೋ ಆಸ್ಟಿನ್‌ನಲ್ಲೋ ಕೆಲಸ ಸಿಕ್ಕಿತು ಅಂತಿಟ್ಟುಕೊಳ್ಳಿ. ಆಗ ಏನು ಮಾಡ್ತೀರಿ? 37ನೇ ವಯಸ್ಸಿಗೆ ಇಷ್ಟು ದೊಡ್ಡ ಬಾಗಿಲು ಮುಚ್ಚಿಕೊಳ್ಳಬೇಡಿ. ನಿಮಗೆ ಈ ದಾರಿ ಬೇಡ ಅಂತಲೇ ನನ್ನ ಅಭಿಪ್ರಾಯ.

ನಾನು ಹೇಳುವುದು ಕಮ್ಯುನಿಟಿ ಕಾಲೇಜಿನ ಎಲ್‌ವಿಎನ್-ಟು-ಎಡಿಎನ್. ಎಲ್‌ವಿಎನ್ ಲೈಸೆನ್ಸ್ ಇರುವವರನ್ನು ಮೊದಲ ವರ್ಷದ ನರ್ಸಿಂಗ್ ಕೋರ್ಸ್ ಬಿಟ್ಟು ಮುಂದಿನ ಹಂತಕ್ಕೆ ಸೇರಿಸಿಕೊಳ್ಳುತ್ತಾರೆ. ನಡುವೆ ಒಂದು ಟ್ರಾನ್ಸಿಷನ್ ಕೋರ್ಸ್ ಇರುತ್ತೆ. ಆಮೇಲೆ ಸುಮಾರು ಒಂದು ವರ್ಷದ ಓದು. ಆದರೆ ಅದಕ್ಕೂ ಮೊದಲು ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ ಲ್ಯಾಬ್ ಸಮೇತ, ಇಂಗ್ಲಿಷ್, ಸೈಕಾಲಜಿ ಇವೆಲ್ಲ ಬೇಕು. ಕೆಲಸ ಮಾಡುತ್ತಾ ಒಂದೊಂದೇ ತಗೊಂಡರೆ ಒಂದೂವರೆ ವರ್ಷ ಬೇಕಾಗುತ್ತೆ. ಅಂದರೆ ಒಟ್ಟು ಎರಡೂವರೆ ವರ್ಷ ಅಂತ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಹೆಚ್ಚಿನ ಕಾಲೇಜುಗಳು ಟೀಸ್ ಅನ್ನುವ ಪ್ರವೇಶ ಪರೀಕ್ಷೆಯನ್ನೂ ಕೇಳುತ್ತವೆ. ಒಂದೇ ಕಾಲೇಜನ್ನು ನಂಬಿಕೊಂಡು ಕೂರಬೇಡಿ. ಕಾರಿನಲ್ಲಿ ಒಂದು ಗಂಟೆ ದೂರದೊಳಗೆ ಇರುವ ಎಲ್ಲ ಕಡೆಗೂ ಅರ್ಜಿ ಹಾಕಿ. ನಾನು ಎರಡು ವರ್ಷ ಒಂದೇ ಕಡೆ ಹಾಕಿ ಸುಮ್ನೆ ಕಾದೆ. ಮೂರನೇ ವರ್ಷ ಮೂರು ಕಡೆ ಹಾಕಿದೆ, ಎರಡು ಕಡೆ ಸಿಕ್ಕಿತು.

ದುಡ್ಡಿನ ವಿಷಯಕ್ಕೂ ಇದೇ ವಾಸಿ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದವರಿಗೆ ಕಮ್ಯುನಿಟಿ ಕಾಲೇಜಿನ ಫೀಸು ಯೂನಿಟ್ಟಿಗೆ 46 ಡಾಲರ್. 35 ಯೂನಿಟ್ ಅಂದರೂ 1,610 ಡಾಲರ್. ಪುಸ್ತಕ, ಯೂನಿಫಾರ್ಮ್, ಬೆರಳಚ್ಚು ಇದೆಲ್ಲ ಬೇರೆ. ಖಾಸಗಿ ಕಾಲೇಜಿನವರು ಇದೇ ಓದಿಗೆ ಹತ್ತಾರು ಸಾವಿರ ಕೇಳುತ್ತಾರೆ. ನಾನೂ ಮೊದಲು ಅಂಥ ಒಂದು ಕಡೆ ಅನಾಟಮಿ ಓದಿದೆ, ಬೇಗ ಮುಗಿಯುತ್ತೆ ಅನ್ನುವ ಆಸೆಗೆ. ಆ ಯೂನಿಟ್‌ಗಳನ್ನು ಕಮ್ಯುನಿಟಿ ಕಾಲೇಜಿನವರು ಒಪ್ಪಲಿಲ್ಲ. ಅದೇ ಮೂಳೆ, ಅದೇ ಸ್ನಾಯುಗಳನ್ನು ಮತ್ತೆ ಇನ್ನೊಂದು ಸೆಮಿಸ್ಟರ್ ಓದಿದೆ. ಆ ಸಾಲ ತೀರಿಸಲು ನಾಲ್ಕು ವರ್ಷ ಹಿಡಿಯಿತು. ಹಾಗಾಗಿ ಎಲ್ಲೇ ದುಡ್ಡು ಕಟ್ಟುವ ಮೊದಲು "ಈ ಕೋರ್ಸನ್ನು ನೀವು ಒಪ್ಪುತ್ತೀರಾ" ಅಂತ ಮುಂದೆ ಸೇರಬೇಕಾದ ಕಾಲೇಜಿಗೆ ಈಮೇಲ್ ಮಾಡಿ. ಬಾಯಿಮಾತು ಬೇಡ, ಉತ್ತರ ಬರವಣಿಗೆಯಲ್ಲೇ ಇರಲಿ.

ನಿಮ್ಮ ಬಿಎಸ್ಸಿ ಬಗ್ಗೆ. ಮಾರ್ಕ್ಸ್ ಕಾರ್ಡ್‌ಗಳನ್ನು ಇಲ್ಲಿ ಮೌಲ್ಯಮಾಪನ ಮಾಡಿಸಬೇಕು. ವೆಸ್ ಥರದ ಸಂಸ್ಥೆಗಳಲ್ಲಿ ಎರಡು ಬಗೆಯ ವರದಿ ಇವೆ. ಕಡಿಮೆ ಬೆಲೆಯದರಲ್ಲಿ ಡಿಗ್ರಿ ಇದೆ ಅಂತ ಮಾತ್ರ ಬರುತ್ತೆ. ನಿಮಗೆ ಬೇಕಾದದ್ದು ಕೋರ್ಸ್-ಬೈ-ಕೋರ್ಸ್ ವರದಿ, ಅಂದರೆ ಒಂದೊಂದು ವಿಷಯವೂ ಅಂಕದ ಸಮೇತ ಇರುವುದು. ಕಾಲೇಜು ಯಾವ ಸಂಸ್ಥೆಯದನ್ನು ಒಪ್ಪುತ್ತೆ ಅಂತ ಮೊದಲೇ ಕೇಳಿಕೊಳ್ಳಿ. ಆದರೆ ಸಿಬಿಝಡ್‌ನಿಂದ ಜಾಸ್ತಿ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಝೂವಾಲಜಿ ಓದಿದ್ದು ಮನುಷ್ಯರ ಅನಾಟಮಿಗೆ ಸಮ ಆಗಲ್ಲ. ಕೆಲವು ಕಾಲೇಜುಗಳು ವಿಜ್ಞಾನದ ಕೋರ್ಸ್ ಐದೋ ಏಳೋ ವರ್ಷದ ಒಳಗಿನದು ಇರಬೇಕು ಅಂತಲೂ ಹೇಳುತ್ತವೆ. ಇನ್ನೊಂದು ಮಾತು ಯಾರೂ ಮೊದಲೇ ಹೇಳುವುದಿಲ್ಲ: ಬ್ಯಾಚುಲರ್ ಡಿಗ್ರಿ ಇದ್ದವರಿಗೆ ಓದಿನ ಖರ್ಚಿಗೆ ಕೇಂದ್ರ ಸರ್ಕಾರ ಕೊಡುವ ಪೆಲ್ ಗ್ರಾಂಟ್ ಸಿಗಲ್ಲ, ಆ ಡಿಗ್ರಿ ಭಾರತದ್ದಾದರೂ ಸರಿ. ಆದರೆ ಆದಾಯ ಕಡಿಮೆ ಇದ್ದರೆ ರಾಜ್ಯದ ಕಾಲೇಜ್ ಪ್ರಾಮಿಸ್ ಗ್ರಾಂಟ್‌ನಿಂದ ಆ 46 ಡಾಲರ್ ಫೀಸು ಮಾಫಿ ಆಗಬಹುದು. ಕೆಲಸದ ಕಡೆಯೂ ಕೇಳಿ. ಮಾಲೀಕರು ಓದಿಗೆ ಅಂತ ವರ್ಷಕ್ಕೆ 5,250 ಡಾಲರ್‌ವರೆಗೆ ಕೊಟ್ಟರೆ ಅದಕ್ಕೆ ನಿಮಗೆ ತೆರಿಗೆ ಇಲ್ಲ.

ಇನ್ನು ನಿಮ್ಮನೆಯವರ ಮಾತು. ಬಿಎಸ್‌ಎನ್ ಬೇಕು ಅನ್ನುವುದು ನಿಜ. ಬೇ ಏರಿಯಾದ ದೊಡ್ಡ ಆಸ್ಪತ್ರೆಗಳ ಜಾಹೀರಾತು ನೋಡಿ, "ಬಿಎಸ್‌ಎನ್ ಇದ್ದವರಿಗೆ ಆದ್ಯತೆ" ಅಂತ ಇರುತ್ತೆ. ಪಬ್ಲಿಕ್ ಹೆಲ್ತ್ ನರ್ಸ್ ಆಗಬೇಕಾದರೂ ಸಾಮಾನ್ಯವಾಗಿ ಅದು ಬೇಕು. ಆದರೆ ಅದನ್ನು ಮೊದಲೇ ಮಾಡಬೇಕಾಗಿಲ್ಲ. ಎಡಿಎನ್ ಮುಗಿಸಿ, ಲೈಸೆನ್ಸ್ ತಗೊಂಡು, ಆರ್‌ಎನ್ ಸಂಬಳದಲ್ಲಿ ಕೆಲಸ ಮಾಡುತ್ತಾ ಆನ್‌ಲೈನ್‌ನಲ್ಲಿ ಆರ್‌ಎನ್-ಟು-ಬಿಎಸ್‌ಎನ್ ಮಾಡಬಹುದು. ನಾನು ಮಾಡಿದ್ದು ಹಾಗೆಯೇ. ಸಂಬಳದ ವ್ಯತ್ಯಾಸ ಎಷ್ಟು ಅಂದರೆ, 2023ರ ಮೇ ತಿಂಗಳ ಸರ್ಕಾರಿ ಲೆಕ್ಕದಲ್ಲಿ ಇಡೀ ದೇಶದ ನಡುಮಟ್ಟದ ವಾರ್ಷಿಕ ಸಂಬಳ ಎಲ್‌ವಿಎನ್, ಎಲ್‌ಪಿಎನ್‌ಗಳಿಗೆ (ಎಲ್‌ವಿಎನ್‌ಗೆ ಬೇರೆ ರಾಜ್ಯಗಳಲ್ಲಿರುವ ಹೆಸರು ಎಲ್‌ಪಿಎನ್) 59,730 ಡಾಲರ್, ಆರ್‌ಎನ್‌ಗಳಿಗೆ 86,070. ಕ್ಯಾಲಿಫೋರ್ನಿಯಾದಲ್ಲಿ ಆರ್‌ಎನ್ ಸಂಬಳ ಅದಕ್ಕಿಂತ ಬಹಳ ಮೇಲಿದೆ. ಮನೆಯವರಿಗೆ ಈ ಲೆಕ್ಕ ಹಾಕಿ ತೋರಿಸಿ. ಬಿಎಸ್‌ಎನ್ ಬೇಡ ಅಂತಿಲ್ಲ, ಎರಡು ಮೆಟ್ಟಿಲಲ್ಲಿ ಹತ್ತುತ್ತೀನಿ ಅಂತ ಹೇಳಿ.

ಓದಿನಲ್ಲಿ ಯಾವುದು ಕಷ್ಟ ಅಂತ ನೀವು ಕೇಳಿಲ್ಲ, ಆದರೂ ಹೇಳ್ತೀನಿ. ಔಷಧಿ, ಸೂಜಿ, ಡ್ರೆಸ್ಸಿಂಗ್ ನಿಮಗೆ ಕೈಗೆ ಬಂದಿವೆ. ಬದಲಾಗಬೇಕಾದದ್ದು ತಲೆ. ಎನ್‌ಕ್ಲೆಕ್ಸ್-ಆರ್‌ಎನ್‌ನಲ್ಲಿ ಇಂಥ ಪ್ರಶ್ನೆ ಬರುತ್ತೆ: ನಾಲ್ಕು ರೋಗಿಗಳಿದ್ದಾರೆ, ಇವರಲ್ಲಿ ಯಾರನ್ನು ಎಲ್‌ಪಿಎನ್‌ಗೆ ಒಪ್ಪಿಸುತ್ತೀರಿ? ಸರಿ ಉತ್ತರ ಯಾವಾಗಲೂ ಸ್ಥಿತಿ ಏರುಪೇರಾಗದ, ಮುಂದೇನು ಅಂತ ಊಹಿಸಬಹುದಾದ ರೋಗಿ. ಆಪರೇಷನ್ ಆಗಿ ಈಗ ತಾನೇ ವಾರ್ಡಿಗೆ ಬಂದವರನ್ನು ಕೊಡುವ ಹಾಗಿಲ್ಲ. ನಾನು ಅಭ್ಯಾಸ ಪರೀಕ್ಷೆಗಳಲ್ಲಿ ತಿಂಗಳುಗಟ್ಟಲೆ ಇದನ್ನೇ ತಪ್ಪು ಮಾಡಿದೆ. "ಅದನ್ನು ನಾನೇ ಮಾಡುತ್ತಿದ್ದೆನಲ್ಲ" ಅಂತ ಅನ್ನಿಸುತ್ತಿತ್ತು. ಆರ್‌ಎನ್ ಕುರ್ಚಿಯಲ್ಲಿ ಕೂತು ಓದಲು ಶುರು ಮಾಡಿದ ದಿನದಿಂದ ಉತ್ತರ ಸರಿ ಬರತೊಡಗಿತು. 2014ರಲ್ಲಿ ನನಗೆ 75 ಪ್ರಶ್ನೆಗೆ ಕಂಪ್ಯೂಟರ್ ನಿಂತಿತು (ಪಾಸೋ ಫೇಲೋ ಅಂತ ತೀರ್ಮಾನ ಆದರೆ ಅದು ಅಲ್ಲಿಗೇ ನಿಲ್ಲುತ್ತೆ). 2023ರ ಏಪ್ರಿಲ್‌ನಿಂದ ಪರೀಕ್ಷೆ ಬದಲಾಗಿದೆ. ಈಗ ಕನಿಷ್ಠ 85, ಗರಿಷ್ಠ 150 ಪ್ರಶ್ನೆ, ಐದು ಗಂಟೆ ಸಮಯ. ಒಂದೇ ರೋಗಿಯ ಚಾರ್ಟ್ ಕೊಟ್ಟು ಆರು ಪ್ರಶ್ನೆ ಕೇಳುವ ಭಾಗ ಹೊಸದು. ನಿಮ್ಮ ನಾಲ್ಕು ವರ್ಷದ ಅನುಭವ ಅಲ್ಲಿ ನಿಜಕ್ಕೂ ಕೈ ಹಿಡಿಯುತ್ತೆ.

ಮಕ್ಕಳ ವಿಷಯ. ಕ್ಲಿನಿಕಲ್ (ಆಸ್ಪತ್ರೆಯಲ್ಲಿ ನಡೆಯುವ ತರಬೇತಿ) ಇರುವ ಸೆಮಿಸ್ಟರ್‌ನಲ್ಲಿ ಫುಲ್ ಟೈಮ್ ಕೆಲಸ ಆಗಲ್ಲ, ಖಂಡಿತ. ಬೆಳಿಗ್ಗೆ ಆರೂವರೆಗೆ ಆಸ್ಪತ್ರೆಯಲ್ಲಿ ಇರಬೇಕು. ಈಗಿನಿಂದಲೇ ವಾರಾಂತ್ಯದ ಶಿಫ್ಟ್‌ಗೆ ಬದಲಾಗುವ ಬಗ್ಗೆ ಮಾತಾಡಿ. ಎರಡು ಕ್ಲಾಸಿಗಿಂತ ಜಾಸ್ತಿ ಒಂದೇ ಸಲ ತಗೋಬೇಡಿ. ಮೈಕ್ರೋಬಯಾಲಜಿಯಲ್ಲಿ ಬಿ ಗ್ರೇಡ್ ಬಂದರೆ ಸೀಟು ಕೈ ತಪ್ಪಬಹುದು, ವಿಜ್ಞಾನದ ಅಂಕಗಳನ್ನೇ ಅವರು ಮೊದಲು ನೋಡುವುದು.

ಪ್ರಶ್ನೆ: ಡಾಲಸ್‌ನಿಂದ ಬರೀತಿದ್ದೇನೆ ಮೇಡಂ. ನನ್ನ ಹೆಂಡತಿ ಟೆಕ್ಸಾಸ್‌ನಲ್ಲಿ ಎಲ್‌ವಿಎನ್. ಇಲ್ಲೂ 30 ಯೂನಿಟ್ ಇದೆಯಾ? ಪೂರ್ತಿ ಆನ್‌ಲೈನ್ ಕೋರ್ಸ್ ಸೇರಬಹುದಾ?

ಉತ್ತರ: ಇಲ್ಲ, ಅದು ಕ್ಯಾಲಿಫೋರ್ನಿಯಾದ್ದು ಮಾತ್ರ. ವೊಕೇಷನಲ್ ನರ್ಸ್ ಅನ್ನುವ ಹೆಸರು ಈ ಎರಡು ರಾಜ್ಯಗಳಲ್ಲಷ್ಟೇ ಇದೆ, ಬೇರೆ ಕಡೆ ಎಲ್‌ಪಿಎನ್ ಅಂತಾರೆ. ಟೆಕ್ಸಾಸ್‌ನಲ್ಲಿ ಎಲ್‌ವಿಎನ್, ಆರ್‌ಎನ್ ಎರಡೂ ಲೈಸೆನ್ಸ್ ಕೊಡುವುದು ಒಂದೇ ಬೋರ್ಡ್. ಥಿಯರಿ ಆನ್‌ಲೈನ್ ಆಗಬಹುದು, ಆದರೆ ರೋಗಿಯ ಪಕ್ಕದಲ್ಲಿ ನಿಂತು ಕಲಿಯುವುದನ್ನು ಮನೆಯಲ್ಲಿ ಕೂತು ಮುಗಿಸಲು ಆಗಲ್ಲ. ಕ್ಲಿನಿಕಲ್ ಯಾವ ಆಸ್ಪತ್ರೆಯಲ್ಲಿ, ಯಾರ ಉಸ್ತುವಾರಿಯಲ್ಲಿ ಅಂತ ಹೇಳದ ಕೋರ್ಸಿಗೆ ದುಡ್ಡು ಕಟ್ಟಬೇಡಿ. ಕೋರ್ಸಿಗೆ ಟೆಕ್ಸಾಸ್ ಬೋರ್ಡ್‌ನ ಒಪ್ಪಿಗೆ ಇದೆಯಾ ಅಂತ ಬೋರ್ಡ್‌ನಲ್ಲೇ ಕೇಳಿ. ಟೆಕ್ಸಾಸ್ ನರ್ಸ್ ಲೈಸೆನ್ಸರ್ ಕಾಂಪ್ಯಾಕ್ಟ್ ಅನ್ನುವ ರಾಜ್ಯಗಳ ಒಪ್ಪಂದದಲ್ಲಿದೆ, ಹಾಗಾಗಿ ಅಲ್ಲಿ ನೆಲೆಸಿದವರಿಗೆ ಒಂದೇ ಲೈಸೆನ್ಸ್‌ನಲ್ಲಿ ಹಲವು ರಾಜ್ಯಗಳಲ್ಲಿ ಕೆಲಸ ಮಾಡಬಹುದು. ಕ್ಯಾಲಿಫೋರ್ನಿಯಾ ಅದರಲ್ಲಿಲ್ಲ.

ಪ್ರಶ್ನೆ: ನನಗೆ 54. ಸ್ಯಾಕ್ರಮೆಂಟೊದಲ್ಲಿ 18 ವರ್ಷದಿಂದ ಎಲ್‌ವಿಎನ್. ಸ್ವಂತ ಮನೆ ಇದೆ, ಮಗಳು ಮೊಮ್ಮಗು ಇಲ್ಲೇ ಇದ್ದಾರೆ. ನನಗೆ ಡಿಗ್ರಿ ಬೇಕಿಲ್ಲ. ಫಿಸಿಯಾಲಜಿ, ಮೈಕ್ರೋಬಯಾಲಜಿ ಎರಡೂ ಮುಗಿದಿವೆ. ನನಗೂ 30 ಯೂನಿಟ್ ಬೇಡ ಅಂತೀರಾ?

ಉತ್ತರ: ಇಲ್ಲ ಅಕ್ಕ, ನಿಮಗೆ ಹಾಗೆ ಹೇಳಲ್ಲ. ಈ ದಾರಿ ನಿಮ್ಮಂಥವರಿಗೇ ಇರುವುದು. ರಾಜ್ಯ ಬಿಟ್ಟು ಹೋಗುವ ಯೋಚನೆ ಇಲ್ಲ, ಮುಂದಿನ ಡಿಗ್ರಿ ಬೇಕಿಲ್ಲ, ಅಂದ ಮೇಲೆ ನೀವು ಕಳೆದುಕೊಳ್ಳುವುದು ಕಡಿಮೆ. ಆದರೆ ನಿಮಗೆ ಇಷ್ಟವಾದ ಎರಡು ಮೂರು ಆಸ್ಪತ್ರೆಗಳಿಗೆ ಮೊದಲು ಫೋನ್ ಮಾಡಿ, "ಡಿಗ್ರಿ ಇಲ್ಲದ ಆರ್‌ಎನ್‌ಗಳನ್ನು ತಗೋತೀರಾ" ಅಂತ ಕೇಳಿ. ಆಮೇಲೆ ಹತ್ತಿರದ ಕಾಲೇಜಿನ ನರ್ಸಿಂಗ್ ವಿಭಾಗಕ್ಕೆ ನೀವೇ ಹೋಗಿ. ಸೆಮಿಸ್ಟರ್ ನಡುವೆ ಯಾರಾದರೂ ಬಿಟ್ಟು ಹೋದರೆ ಮುಂದಿನ ಸಲಕ್ಕೆ ಅಲ್ಲಿ ಜಾಗ ಆಗುತ್ತೆ. ನಿಮ್ಮ ಹೆಸರು, ಫೋನ್ ನಂಬರ್, ಎರಡೂ ಕೋರ್ಸ್‌ಗಳ ಟ್ರಾನ್ಸ್‌ಕ್ರಿಪ್ಟ್ ಅವರ ಫೈಲಿನಲ್ಲಿ ಇರಲಿ.