ಅಪ್ಪಾಜಿಯ ಬಗ್ಗೆ ಏನು ಬರೆಯಲಿ?

ಪ್ರಶ್ನೆ: ನಮ್ಮ ಅಪ್ಪಾಜಿ ವಿಜಯಪುರದಲ್ಲಿ 1973ರಿಂದ ಸುಮಾರು 40 ವರ್ಷ ಶಸ್ತ್ರವೈದ್ಯರಾಗಿದ್ದರು. ಹೋದ ವರ್ಷ ತೀರಿಕೊಂಡರು. ಪುಣ್ಯತಿಥಿಗೆ ಒಂದು ಸ್ಮರಣ ಪುಸ್ತಿಕೆ ತರಬೇಕೆಂದಿದ್ದು, ಮನೆಯವರ ಪರವಾಗಿ ಬರೆಯುವ ಹೊಣೆ ನನ್ನ ಮೇಲಿದೆ. ಬಂದಿರುವ ಲೇಖನಗಳಲ್ಲೆಲ್ಲ ‘ದೇವರಂಥ ಡಾಕ್ಟರ್ ಸಾಹೇಬರು’, ‘ಅವರ ಕೈಗುಣ ದೊಡ್ಡದು’ ಎಂಬ ಮಾತುಗಳೇ ಇವೆ. ನನಗೆ ನೆನಪಿರುವುದು ಅವರು ಊಟದ ನಡುವೆ ಎದ್ದು ಹೋಗುತ್ತಿದ್ದುದು, ಮತ್ತು ಬೆಳಿಗ್ಗೆ ನನ್ನ ಜಡೆಗೆ ರಿಬ್ಬನ್ ಕಟ್ಟುತ್ತಿದ್ದುದು. ಅವರು ಹೂವಿನಂತೆ ಕಟ್ಟದೆ ಗಂಟನ್ನೇ ಹಾಕುತ್ತಿದ್ದರಿಂದ, ಸಂಜೆ ಅವ್ವ ಅದನ್ನು ಕತ್ತರಿಯಿಂದ ಕತ್ತರಿಸಬೇಕಾಗುತ್ತಿತ್ತು. ಇಂಥ ಸಣ್ಣ ಸಂಗತಿ ಬರೆದರೆ ಹಗುರವಾದೀತೇ? ಒಬ್ಬ ರೋಗಿ ತೀರಿಕೊಂಡ ರಾತ್ರಿ ಅವರು ಊಟ ಬಿಟ್ಟು ಪಡಸಾಲೆಯಲ್ಲಿ ಕುಳಿತಿದ್ದುದನ್ನು ಬರೆಯಬಹುದೇ?
– ಓದುಗರೊಬ್ಬರು, ವಿಜಯಪುರ

ಉತ್ತರ: ತಾಯಿ, ರಿಬ್ಬನ್ನಿನಿಂದಲೇ ಆರಂಭಿಸಿ. ನಾನೂ ಬೆಳಗಾವಿಯಲ್ಲಿ ಅದೇ ಕೆಲಸ ಮಾಡಿ ನಿವೃತ್ತನಾದವನು. ಆ ಗಂಟು ನನಗೆ ಗೊತ್ತು. ಮೊದಲ ಸುತ್ತಿನಲ್ಲಿ ದಾರವನ್ನು ಒಂದು ಸಲದ ಬದಲು ಎರಡು ಸಲ ಹೆಣೆದು ಎಳೆದರೆ, ಮೇಲಿನ ಗಂಟು ಹಾಕುವಷ್ಟರಲ್ಲಿ ಕೆಳಗಿನದು ಸಡಿಲವಾಗುವುದಿಲ್ಲ; ಮೇಲಿನದನ್ನು ವಿರುದ್ಧ ದಿಕ್ಕಿನಲ್ಲಿ ಹಾಕಿ ಬಿಗಿದರೆ ಮತ್ತೆ ಜಾರುವ ಮಾತಿಲ್ಲ. ಕತ್ತರಿಸಿದ ರಕ್ತನಾಳದ ಬಾಯಿ ಕಟ್ಟುವಾಗ ಈ ಗಂಟು ಜಾರಿತೆಂದರೆ, ರೋಗಿ ವಾರ್ಡಿಗೆ ಹೋದ ಮೇಲೆ ಹೊಟ್ಟೆಯೊಳಗೇ ರಕ್ತ ಸೋರತೊಡಗುತ್ತದೆ. ಆದ್ದರಿಂದಲೇ ಕಲಿಯುವ ದಿನಗಳಲ್ಲಿ ನಾವು ಹಾಸ್ಟೆಲಿನ ಮಂಚದ ಕಾಲಿಗೆ ದಾರ ಕಟ್ಟಿಕೊಂಡು, ಕಣ್ಣು ಬೇರೆಲ್ಲೋ ಇದ್ದರೂ ಬೆರಳು ತಪ್ಪದಷ್ಟು ಅಭ್ಯಾಸ ಮಾಡುತ್ತಿದ್ದೆವು. ನಿಮ್ಮ ಜಡೆ ಹಿಡಿದಾಗಲೂ ಆ ಬೆರಳುಗಳಿಗೆ ಬೇರೆ ಗಂಟು ಬರುತ್ತಿರಲಿಲ್ಲ. ವೈದ್ಯನೂ ತಂದೆಯೂ ಒಂದೇ ಜಾಗದಲ್ಲಿ ಕಾಣುವ ಇಂಥ ಸಂಗತಿ ನಿಮಗೆ ಸಿಕ್ಕಿರುವಾಗ ‘ಕುಟುಂಬವತ್ಸಲರು’ ಎಂಬ ಪದ ನಿಮ್ಮ ಲೇಖನಕ್ಕೆ ಬೇಕಾಗುವುದಿಲ್ಲ.

‘ಕೈಗುಣ’ ಎಂಬ ಮಾತನ್ನು ಬಿಡಬೇಡಿ, ಆದರೆ ಅದು ಏನೆಂದು ಹೇಳಿ. ಅಪ್ಪಾಜಿ ಕೆಲಸ ಆರಂಭಿಸಿದಾಗ ನಮ್ಮ ಭಾಗದಲ್ಲಿ ಸೋನೊಗ್ರಫಿ ಇರಲಿಲ್ಲ, ವಿಜಯಪುರದಲ್ಲಿ ವೈದ್ಯಕೀಯ ಕಾಲೇಜೂ ಇರಲಿಲ್ಲ. ದೊಡ್ಡ ಆಪರೇಶನ್ ಎಂದರೆ ಜನ ಮಿರಜದ ಮಿಶನ್ ಆಸ್ಪತ್ರೆಯ ದಾರಿ ಹಿಡಿಯುತ್ತಿದ್ದರು. ನಡುರಾತ್ರಿ ಚಕ್ಕಡಿಯಲ್ಲಿ ಬಂದವನ ನೋವು ಹೊಕ್ಕುಳದ ಸುತ್ತ ಹುಟ್ಟಿ ಬಲಗಡೆ ಕೆಳಹೊಟ್ಟೆಗೆ ಇಳಿದಿದೆಯೇ, ಅಲ್ಲಿ ಮೆಲ್ಲಗೆ ಒತ್ತಿದಾಗಿಗಿಂತ ಫಕ್ಕನೆ ಕೈ ಬಿಟ್ಟಾಗ ಹೆಚ್ಚು ಚೀರುತ್ತಾನೆಯೇ ಎಂಬುದನ್ನು ನೋಡಿಯೇ ಅಪೆಂಡಿಕ್ಸ್ ಹೌದೋ ಅಲ್ಲವೋ ಎಂದು ತೀರ್ಮಾನಿಸಬೇಕಾಗಿತ್ತು. ತಣ್ಣಗಿನ ಕೈ ಇಟ್ಟರೆ ಹೊಟ್ಟೆ ತಾನಾಗಿ ಬಿಗಿದುಕೊಳ್ಳುತ್ತದೆಂದು ನಾವು ಚಳಿಗಾಲದಲ್ಲಿ ಅಂಗೈ ಉಜ್ಜಿಕೊಂಡು ಮುಟ್ಟುತ್ತಿದ್ದೆವು. ರೋಗಿಗಳು ಕೈಗುಣವೆಂದು ಕರೆದದ್ದರಲ್ಲಿ ಇದೂ ಸೇರಿತ್ತು.

ಅಪ್ಪಾಜಿ ಎಷ್ಟು ಸಾವಿರ ಆಪರೇಶನ್ ಮಾಡಿದರೆಂದು ಲೆಕ್ಕ ಹಾಕಲು ಹೋಗಬೇಡಿ. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಒಂದೇ ದಿನದಲ್ಲಿ 833 ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿದವರೆಂದು ಪ್ರಸಿದ್ಧರು; ಶಿಬಿರ ಹೂಡಿ ಸಾಲುಸಾಲಾಗಿ ಒಂದೇ ಬಗೆಯ ಚಿಕಿತ್ಸೆ ಮಾಡಿದ ಅವರ ಬದುಕಿಗೆ ಆ ಅಂಕಿ ಒಪ್ಪುತ್ತದೆ. ಇಂದು ಹರ್ನಿಯಾ, ನಾಳೆ ಎತ್ತು ಹಾಯ್ದ ಹೊಟ್ಟೆ, ನಾಡಿದ್ದು ಒಕ್ಕುವ ಯಂತ್ರಕ್ಕೆ ಸಿಕ್ಕ ಕೈ ಎಂದು ಬಂದದ್ದನ್ನೆಲ್ಲ ನೋಡಿದ ಊರ ಶಸ್ತ್ರವೈದ್ಯರಿಗೆ ಒಪ್ಪುವುದಿಲ್ಲ.

ರೋಗಿ ತೀರಿಕೊಂಡ ರಾತ್ರಿಯನ್ನು ಅವಶ್ಯ ಬರೆಯಿರಿ. ನನ್ನ ಪಾಲಿಗೂ ಅಂಥ ರಾತ್ರಿಗಳು ಬಂದಿವೆ. ಸಾವನ್ನೇ ಕಾಣದ ಶಸ್ತ್ರವೈದ್ಯ ಇಲ್ಲ, ಅದನ್ನು ಮುಚ್ಚಿಟ್ಟ ಸ್ಮರಣ ಲೇಖನವನ್ನು ನಾನಂತೂ ನಂಬುವುದಿಲ್ಲ. ಆದರೆ ಆ ರೋಗಿಯ ಹೆಸರು, ಊರು, ರೋಗ, ಗುರುತು ಹಿಡಿಯಬಹುದಾದ ಯಾವ ವಿವರವೂ ಬೇಡ. ರೋಗಿಯ ಗುಟ್ಟನ್ನು ಕಾಯಬೇಕೆಂಬುದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಲ್ಲೂ ಇದೆ; ವೈದ್ಯರು ಇಲ್ಲವಾದರೆಂದು ಮನೆಯವರು ಅದನ್ನು ಬಿಚ್ಚುವುದು ಸರಿಯಲ್ಲ. ಹಳೆಯ ಆಪರೇಶನ್ ರಜಿಸ್ಟರಿನ ಪುಟದ ಫೋಟೊ ಹಾಕುವ ಆಸೆ ಯಾರಿಗಾದರೂ ಇದ್ದರೆ ಅದನ್ನೂ ತಡೆಯಿರಿ. ಆ ರಾತ್ರಿ ಅಪ್ಪಾಜಿ ಎಲ್ಲಿ ಕುಳಿತಿದ್ದರು, ದೀಪ ಹಚ್ಚಿದ್ದರೋ ಇಲ್ಲವೋ, ಅವ್ವ ಏನು ಮಾಡಿದರು ಎಂಬಷ್ಟು ಸಾಕು.

ಊಟ ಬಿಟ್ಟು ಎದ್ದು ಹೋದದ್ದನ್ನು ತ್ಯಾಗವೆಂದು ಅಲಂಕರಿಸಬೇಡಿ. ಅದರ ಬೆಲೆ ತೆತ್ತವರು ಮನೆಯವರು. ಅರ್ಧ ತಿಂದ ರೊಟ್ಟಿಯ ತಾಟನ್ನು ಮುಚ್ಚಿಟ್ಟು ಎಷ್ಟು ಹೊತ್ತಿನವರೆಗೆ ಕಾಯುತ್ತಿದ್ದಿರೆಂದು ಅವ್ವನನ್ನೇ ಕೇಳಿ, ಅವರು ಹೇಳಿದ ಮಾತಿನಲ್ಲೇ ಬರೆಯಿರಿ. ಅದರಲ್ಲಿ ಸ್ವಲ್ಪ ಮುನಿಸಿದ್ದರೆ ಅದೂ ಇರಲಿ. ಹಾಗೆಯೇ ರಿಬ್ಬನ್ ಕತ್ತರಿಸುತ್ತಿದ್ದ ಆ ಕತ್ತರಿ ಯಾವುದೆಂದೂ ಕೇಳಿ ನೋಡಿ. ಥಿಯೇಟರಿನಲ್ಲಿ ಮೊಂಡಾದ ಕತ್ತರಿಗಳು ನಮ್ಮ ಮನೆಯಲ್ಲಂತೂ ಸೊಪ್ಪು ಕತ್ತರಿಸಲು, ಹಾಲಿನ ಪಾಕೀಟು ಕತ್ತರಿಸಲು ಬಂದು ಸೇರುತ್ತಿದ್ದವು. ನಿಮ್ಮ ಮನೆಯದೂ ಅದೇ ಇದ್ದೀತು.